ಎಂ.ಎನ್.ಪಿ. ಲೆನ್ಸಿನ ಜೊತೆ ಟಿಬಿಲಿಸಿಗೆ

ನಾಗಮಂಗಲ

ಜಾರ್ಜಿಯಾ ದೇಶಕ್ಕೆ ಹೋಗಿ ಬಂದ ಮೇಲೆ ನಮ್ಮ ಬೀದಿಯವರು ಮೊದಲು ಕೇಳಿದ್ದು ಫೋಟೊ. ಸುತ್ತಲ ಊರುಗಳ ಮದುವೆ, ನಾಮಕರಣಗಳನ್ನೆಲ್ಲ ತೆಗೆದವರ ಹೆಂಡತಿ ಹೊರದೇಶ ನೋಡಿ ಬಂದರೆ ಚೀಲದ ತುಂಬ ಫೋಟೊ ತಂದಿರುತ್ತಾಳೆ ಎಂದು ಅವರು ಎಣಿಸಿದ್ದು ತಪ್ಪಲ್ಲ. ಆದರೆ ನನ್ನ ಬಳಿ ಇರುವುದು ಕೆಲವೇ. ಹೆಚ್ಚಿನದನ್ನು ನಾನು ಬರಿದೆ ನೋಡಿ ಬಂದೆ. ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ರಾಮಣ್ಣ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ನನ್ನ ತಂಗಿ ಸುಧಾಳ ಮಗಳು ದೀಪು ಟಿಬಿಲಿಸಿ ಊರಿನಲ್ಲಿ ಡಾಕ್ಟರ್ ಓದು ಮುಗಿಸಿದ್ದಳು. ಪದವಿ ಕೊಡುವ ದಿನ ಮನೆಯವರು ಒಬ್ಬರಾದರೂ ಎದುರಿಗಿರಬೇಕು ಎಂಬುದು ಅವಳ ಹಟ. ಸುಧಾಳ ಗಂಡ ಬೈಕಿನಿಂದ ಬಿದ್ದು ಕಾಲಿಗೆ ರಾಡು ಹಾಕಿಸಿಕೊಂಡು ಮಲಗಿದ್ದ. "ಅಕ್ಕ, ನೀನೋಗು. ಇಲ್ಲಿದ್ರೂ ಗೋಡೆ ನೋಡ್ಕಂಡ್ ಕೂತಿರ್ತೀಯ. ಅಲ್ಲೋಗಿ ಅಲ್ಲಿನ್ ಗೋಡೆ ನೋಡು" ಅಂದಳು. ನನ್ನ ತಂಗಿ ಸಮಾಧಾನ ಹೇಳುವುದು ಹೀಗೆಯೇ.

ಹೊರಡುವಾಗ ರಾಗಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿಯ ಜೊತೆಗೆ ಯಜಮಾನರ ಕ್ಯಾಮೆರವನ್ನೂ ಚೀಲಕ್ಕೆ ಹಾಕಿಕೊಂಡೆ. ಅವರು ಹೋದ ದಿನ ಅದು ಅಡುಗೆಮನೆಯ ಬಾಗಿಲ ಪಕ್ಕದ ಗೂಡಿನಲ್ಲಿತ್ತು. ಅದಕ್ಕೆ ತೊಡಿಸಿದ್ದ ಲೆನ್ಸನ್ನು ನಾನು ಬಿಚ್ಚಿರಲಿಲ್ಲ. ಆ ಲೆನ್ಸಿನ ವಿಷಯ ಹೇಳದೆ ಈ ಪ್ರವಾಸದ ಕಥೆ ಮುಂದೆ ಹೋಗುವುದಿಲ್ಲ.

ಅದು ಹಳೆಯ ಕಾಲದ ಲೆನ್ಸು. ಈಗಿನ ಲೆನ್ಸುಗಳ ಹಾಗೆ ತಾನೇ ದೂರ ಹತ್ತಿರ ನೋಡಿಕೊಳ್ಳುವುದಿಲ್ಲ. ಕೈಯಿಂದ ಉಂಗುರ ತಿರುಗಿಸಿ ಎದುರಿನದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನ ಗುಜರಿ ಅಂಗಡಿಗೆ ಹಳೇ ಸ್ಟ್ಯಾಂಡು ಹುಡುಕಿಕೊಂಡು ಹೋದವರು ಇದನ್ನು ತಂದರು. ಹೊಸ ಕ್ಯಾಮೆರಕ್ಕೆ ಹಳೇ ಲೆನ್ಸು ಕೂರಿಸಲು ನಡುವೆ ಒಂದು ಲೋಹದ ಬಳೆ ಬೇಕು. ಅಡಾಪ್ಟರ್ ಅನ್ನುತ್ತಾರೆ, ನಮ್ಮ ಸ್ಟುಡಿಯೋದಲ್ಲಿ ಬಳೆ ಎಂದೇ ಹೆಸರು. ಅದನ್ನೂ ತರಿಸಿದರು. ಕೂರಿಸಿ ನೋಡಿದ ದಿನ ಮಕ್ಕಳ ಹಾಗೆ ಕುಣಿದಿದ್ದರು. "ನೋಡಮ್ಮಿ, ಈಗಿನ್ ಲೆನ್ಸು ಪೊಲೀಸ್ನೋರ್ ತರ ನೋಡ್ತವೆ. ಇದು ನೆಂಟ್ರು ನೋಡ್ದಂಗೆ ನೋಡ್ತದೆ" ಅಂದರು.

ಗಾಜು ಒರೆಸಿ ನಾಳೆ ತೆಗೆಯೋಣ ಎಂದು ಆ ದಿನ ಬರೀ ನೋಡಿದರು. ಮಾರನೆಯ ದಿನ ಒರೆಸುವಾಗ ಅವರ ಮುಖ ಬದಲಾಯಿತು. ಲೆನ್ಸಿನ ಮುಂಭಾಗದಲ್ಲಿ, ಗಾಜಿನ ಸುತ್ತ, ಬರಹವೆಲ್ಲ ಸವೆದು ಹೋಗಿತ್ತು. ಉಳಿದಿದ್ದು ಕೊರೆದ ಮೂರು ಅಕ್ಷರ. ಎಂ, ಎನ್, ಪಿ. ನಡುವಿನ ಎನ್ ತಿರುಗುಮುರುಗಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಅದನ್ನು ನೋಡಿ ಸುಮ್ಮನಾಗುತ್ತಿದ್ದರು. ಆದರೆ ನಮ್ಮ ಮಾವನವರು ಪಾಂಡವಪುರದ ಪಾತ್ರೆ ಅಂಗಡಿಯೊಂದರ ಮುಂದೆ ಕೂತು ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದವರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಚೀಟಿಯಲ್ಲಿ ಬರೆದುಕೊಟ್ಟ ಅಕ್ಷರವನ್ನು ಚಿತ್ರದ ಹಾಗೆ ನೋಡಿ ಕೊರೆಯುತ್ತಿದ್ದರು. ಆಗಾಗ ಎನ್ ತಿರುಗಿಬಿಡುತ್ತಿತ್ತಂತೆ. ಅದಕ್ಕೇ ಮಗನಿಗೆ ಅನುಮಾನವೇ ಬರಲಿಲ್ಲ. "ಇದು ಕೊರೆಸಿರೋ ಹೆಸ್ರು ಕಣೇ. ಎಂ.ಎನ್. ಪುಟ್ಟಸ್ವಾಮೀನೋ, ಪಾಪಣ್ಣಾನೋ. ಕೊರ್ದೋನು ನಮ್ಮಪ್ಪನ್ ಜಾತಿಯೋನೇ, ಓದು ಬರ್ದಿರೋನು" ಅಂದರು.

ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮದುವೆಮನೆಯಿಂದ ಬರುವಾಗ ಪಾತ್ರೆಗಳು ಅದಲುಬದಲಾಗಿ ಬೇರೆಯವರ ಹೆಸರಿನ ಪಾತ್ರೆ ಬಂದುಬಿಟ್ಟರೆ ಅದನ್ನು ತೊಳೆದು, ಅಟ್ಟದ ಮೇಲೆ ಬೋರಲು ಹಾಕಿಡಬೇಕು. ಯಜಮಾನ ಬಂದು ಒಯ್ಯುವವರೆಗೆ ಅದರಲ್ಲಿ ಒಂದು ಲೋಟ ನೀರು ಕೂಡ ಕಾಯಿಸಬಾರದು. ಹೆಸರು ಕೊರೆಯುವವನ ಮನೆಯಲ್ಲೇ ಹೆಸರಿಗೆ ಬೆಲೆ ಇಲ್ಲದಿದ್ದರೆ ಹೇಗೆ ಎಂದು ಅತ್ತೆ ಹೇಳುತ್ತಿದ್ದರು.

ಲೆನ್ಸಿಗೂ ಅದೇ ಕಾನೂನಾಯಿತು. ಮದುವೆಗೆ ಒಯ್ಯಲಿಲ್ಲ. ಆದರೆ ಪೂರ್ತಿ ಬಿಡಲೂ ಮನಸ್ಸು ಬರಲಿಲ್ಲ. ಸಂಜೆ ಅಂಗಡಿ ಮುಚ್ಚಿ ಬಂದು, ಕ್ಯಾಮೆರಕ್ಕೆ ಆ ಲೆನ್ಸು ತೊಡಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಉಂಗುರ ತಿರುಗಿಸುತ್ತ ನೋಡುತ್ತಿದ್ದರು. ನಾನು ಸೊಪ್ಪು ಬಿಡಿಸುವುದನ್ನು, ಮುದ್ದೆ ತೊಳಸುವುದನ್ನು, ಒಲೆ ಒರೆಸುವುದನ್ನು.

"ಬರೀ ನೋಡ್ತಾ ನಿಂತ್ರೆ ಏನ್ ಬಂತು? ಒತ್ತಿ ಒಂದು" ಅಂತ ನಾನಂದರೆ,

"ನೋಡೋದ್ರಿಂದ ಏನೂ ಸವೆಯಲ್ಲ ಕಣೇ. ಒತ್ತುದ್ರೆ ನಮ್ದು ಅಂದಂಗಾಯ್ತದೆ" ಅನ್ನುತ್ತಿದ್ದರು.

ಹೀಗೆ ನಾಲ್ಕೈದು ವರ್ಷ ನೋಡಿದರು. ಅವರು ಹೋದ ಮೇಲೆ ನಾನು ಸ್ಟುಡಿಯೋದ ಕಂಪ್ಯೂಟರನ್ನು ತಡಕಿದೆ. ಸಾವಿರಾರು ವಧುಗಳಿದ್ದರು. ಅಡುಗೆಮನೆಯಲ್ಲಿರುವ ನಾನು ಎಲ್ಲೂ ಇರಲಿಲ್ಲ. ಆದರೂ, ಯಾವತ್ತೋ ಒಂದು ದಿನ ಮನಸ್ಸು ತಡೆಯದೆ ಕದ್ದಾದರೂ ಒಂದು ಸಲ ಒತ್ತಿರುತ್ತಾರೆ, ಅದು ಎಲ್ಲೋ ಇದೆ ಎಂಬ ಆಸೆ ನನಗೆ. ಆ ಆಸೆಯನ್ನೂ ಚೀಲದಲ್ಲಿಟ್ಟುಕೊಂಡೇ ಹೊರಟೆ.

ಬೆಳ್ಳೂರು ಕ್ರಾಸ್

ವಿಮಾನ ನಿಲ್ದಾಣಕ್ಕೆ ಬಿಟ್ಟವನು ಜಾವೀದ್. ಯಜಮಾನರನ್ನು ಮದುವೆಗಳಿಗೆ ಕರೆದೊಯ್ಯುತ್ತಿದ್ದ ಕಾರು ಅವನದೇ. ಬೆಳ್ಳೂರು ಕ್ರಾಸಿನಲ್ಲಿ ಟೀಗೆ ನಿಲ್ಲಿಸಿದ. ನಾನು ಕ್ಯಾಮೆರದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದು ನೋಡಿ ನಕ್ಕ.

"ಭಾಬಿ, ಅಲ್ಲೂ ಎಂ.ಎನ್.ಪಿ.ನ ಹುಡ್ಕಕ್ಕೋಯ್ತಾ ಇದ್ದೀರಾ?"

"ಸುಮ್ನಿರು ಜಾವೀದ್."

"ಅಲ್ಲ ಭಾಬಿ, ನನ್ ಗಾಡಿ ಟೈರು ಸವ್ದಿದ್ದೇ ಆ ವಯ್ಯನಿಂದ. ಮದ್ವೆ ಮುಗಿಸ್ಕಂಡು ಬತ್ತಾ ಇರ್ತೀವಿ, 'ಜಾವೀದ, ಇಂಗೇ ಕೆ.ಆರ್. ಪೇಟೆ ಮೇಲೆ ಬುಡು, ಅಲ್ಯಾರೋ ಎಂ.ಎನ್. ಪಾಪೇಗೌಡ್ರು ಅವ್ರಂತೆ' ಅನ್ನೋದು. ಮಾಕವಳ್ಳಿ ದಾಟಿ ಆ ಗೌಡ್ರ ಮನೆ ಹುಡ್ಕುದ್ವಿ. ಗೌಡ್ರು ಜಗುಲಿ ಮೇಲೆ ಕೂತವ್ರೆ. ಅಣ್ಣ ಲೆನ್ಸು ತೋರ್ಸಿ, 'ಇದು ತಮ್ದಾ ಗೌಡ್ರೇ' ಅಂದ್ರು. ಅವ್ರು ಕಣ್ಣತ್ರ ಹಿಡ್ಕಂಡ್ ನೋಡಿ ಏನಂದ್ರು ಗೊತ್ತಾ? 'ನಮ್ಮಟ್ಟೀಲಿ ಎಮ್ಮೆ ಇದ್ವು ಕಣ್ಲಾ, ಕ್ಯಾಮ್ರ ಇರ್ನಿಲ್ಲ. ಎಮ್ಮೆ ಏನಾರಾ ಸಿಕ್ಕುದ್ರೆ ಹೊಡ್ಕಂಡ್ ಬಾ' ಅಂದ್ರು!"

ಪಕ್ಕದ ಮೇಜಿನವರೂ ನಕ್ಕರು. ನಾನೂ ನಕ್ಕೆ. ಜಾವೀದ್ ಟೀ ಲೋಟ ತಿರುಗಿಸಿದ.

"ಆ ಗುಜರಿ ಖಲೀಲ್ ಸಾಬ್ರೂ ಹೇಳಿದ್ರು ಭಾಬಿ. 'ಅರೆ ರಾಮಣ್ಣ, ಗುಜರಿಗೆ ಬಂದ್ಮೇಲೆ ಅದ್ಕೆ ಮಾಲೀಕ ಅನ್ನೋನು ಇರಲ್ಲಪ್ಪ, ಖುದಾ ಕಸಮ್ ನಿಮ್ದೇ ಅದು' ಅಂತ. ಕೇಳ್ಬೇಕಲ್ಲ ಈ ಮನ್ಸ. 'ಹೆಸ್ರು ಐತಲ್ಲ ಸಾಬ್ರೇ' ಅನ್ನೋದು. ಹೆಸ್ರು ಐತಂತೆ ಹೆಸ್ರು." ಟೀ ಪೂರ್ತಿ ಕುಡಿಯದೆ ಎದ್ದ. "ನಡೀರಿ, ಟ್ರಾಫಿಕ್ ಆಯ್ತದೆ."

ವಿಮಾನ ನಿಲ್ದಾಣದ ತಪಾಸಣೆಯವರು ರಾಗಿಹಿಟ್ಟನ್ನು ಮುಟ್ಟಿ ನೋಡಿ ಬಿಟ್ಟರು. ಕ್ಯಾಮೆರ ಆನ್ ಮಾಡಿ ತೋರಿಸಲು ಹೇಳಿದರು. ಮಾಡಿದೆ. ಪರದೆಯ ಮೇಲೆ ಆ ಅಧಿಕಾರಿಯ ಮುಖ ಮಬ್ಬಾಗಿ ಮೂಡಿತು. ಅವರ ಹಿಂದೆ, ಸ್ವಲ್ಪ ದೂರದಲ್ಲಿ ನಿಂತಿದ್ದ ಹೆಂಗಸಿನ ಕಿವಿಯೋಲೆ ಮಾತ್ರ ಹೊಳೆಯುವಷ್ಟು ಸ್ಪಷ್ಟವಾಗಿತ್ತು.

"ಮೇಡಂ, ಫೋಕಸ್ ಮಾಡ್ಕೊಳ್ಳಿ, ಬ್ಲರ್ ಇದೆ" ಅಂದರು ಆ ಅಧಿಕಾರಿ.

"ಇರ್ಲಿ ಬಿಡಿ" ಅಂದೆ.

ಕೈಯಿಂದ ತಿರುಗಿಸುವ ಲೆನ್ಸು ಕೈ ಎಲ್ಲಿ ಬಿಟ್ಟಿತೋ ಅಲ್ಲೇ ನಿಲ್ಲುತ್ತದೆ. ಆ ಉಂಗುರ ನಿಂತಿದ್ದದ್ದು ಅಡುಗೆಮನೆಯ ಬಾಗಿಲಿಂದ ಒಲೆಯವರೆಗಿನ ದೂರಕ್ಕೆ. ಅದನ್ನು ಅಲ್ಲಿ ನಿಲ್ಲಿಸಿದ್ದು ಅವರ ಬೆರಳು. ನಾನು ಅದನ್ನು ಅಲುಗಿಸಿರಲಿಲ್ಲ.

ಟಿಬಿಲಿಸಿ

ದೀಪು ನನ್ನನ್ನು ತಬ್ಬಿಕೊಂಡು ಅತ್ತು, ತಕ್ಷಣ ಕಣ್ಣೊರೆಸಿಕೊಂಡು, "ಚಟ್ನಿಪುಡಿ ತಂದ್ರಾ?" ಅಂದಳು. ಆಗ ಊರಿಗೇ ಬಂದಂತಾಯಿತು.

ಟಿಬಿಲಿಸಿ ನದಿಯ ಎರಡೂ ಕಡೆ ಗುಡ್ಡ ಹತ್ತಿದ ಊರು. ಮನೆಗಳ ಮುಂದೆ ಮರದ ಮೊಗಸಾಲೆ, ಅದರ ಮೇಲೆ ದ್ರಾಕ್ಷಿ ಬಳ್ಳಿ. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅಲ್ಲಿನ ಅಕ್ಷರ. ಕನ್ನಡದ ಹಾಗೆಯೇ ದುಂಡಗೆ, ಸುರುಳಿ ಸುರುಳಿ. ಬಸ್ಸಿನಲ್ಲಿ ಹೋಗುವಾಗ ಅಂಗಡಿಯ ಬೋರ್ಡು ಕಂಡು ಬಾಯಿ ತಾನೇ ಓದಲು ಹೊರಡುತ್ತದೆ. ಒಂದು ಠ ಸಿಕ್ಕಂತೆ ಆಗುತ್ತದೆ, ಇನ್ನೊಂದು ರ. ಆಮೇಲೆ ಏನೂ ಆಗುವುದಿಲ್ಲ. ಜಾತ್ರೆಯ ಗುಂಪಿನಲ್ಲಿ ನಮ್ಮವರ ಬೆನ್ನು ಕಂಡು ಓಡಿಹೋಗಿ ಮುಟ್ಟಿದರೆ, ತಿರುಗಿದ ಮುಖ ಬೇರೆಯವರದು ಆಗಿರುವ ಹಾಗೆ. ನನಗೆ ಆ ವರ್ಷ ಹಾಗೆ ಹಲವು ಸಲ ಆಗಿತ್ತು.

ಅಲ್ಲಿನ ಬೀದಿನಾಯಿಗಳು ನಮ್ಮಲ್ಲಿನ ಕರುವಿನಷ್ಟು ದೊಡ್ಡವು. ಕಿವಿಗೆ ಬಣ್ಣದ ಬಿಲ್ಲೆ ಚುಚ್ಚಿದ್ದಾರೆ. ಲಸಿಕೆ ಹಾಕಿದ ಗುರುತಂತೆ. ಒಂದು ನಾಯಿ ದಿನವೂ ದೀಪುವಿನ ಮನೆಯಿಂದ ಮೆಟ್ರೋ ಮೆಟ್ಟಿಲವರೆಗೆ ನಮ್ಮ ಜೊತೆ ಬಂದು, ಕಳಿಸಿಕೊಟ್ಟವರ ಹಾಗೆ ನಿಂತು, ಹಿಂದಿರುಗುತ್ತಿತ್ತು. ಮೆಟ್ರೋದ ಮೆಟ್ಟಿಲು ಬಾವಿಗಿಂತ ಆಳ. ತಾನೇ ಇಳಿಯುವ ಆ ಮೆಟ್ಟಿಲ ಮೇಲೆ ಹುಡುಗಿಯರು ಕೂತು ಪುಸ್ತಕ ಓದುತ್ತಾರೆ. ನಾನು ಮೊದಲ ದಿನ ಕಾಲಿಡಲು ಹೆದರಿ ನಿಂತದ್ದರಿಂದ ಹಿಂದೆ ಸಾಲು ಬೆಳೆಯಿತು. ಯಾರೋ ಅಜ್ಜಿ ನನ್ನ ಮೊಣಕೈ ಹಿಡಿದು, ತನ್ನ ಭಾಷೆಯಲ್ಲಿ ಬೈಯುತ್ತಲೇ ಹತ್ತಿಸಿದಳು. ಬೈಗುಳ ಎಂದು ಹೇಗೆ ಗೊತ್ತಾಯಿತು ಅಂದರೆ, ನಮ್ಮತ್ತೆಯ ರಾಗವೇ ಅದು.

ಬಸ್ಸು ಅವರ ಗುಡಿಯ, ಅಂದರೆ ಚರ್ಚಿನ, ಮುಂದೆ ಹಾದರೆ ಒಳಗಿದ್ದವರೆಲ್ಲ ಎದೆ ಹಣೆ ಮುಟ್ಟಿಕೊಳ್ಳುತ್ತಾರೆ. ಡ್ರೈವರು ಕೂಡ. ನಮ್ಮ ನಾಗಮಂಗಲದ ಬಸ್ಸಿನಲ್ಲಿ ಆಗುವುದೇ. ಅವರು ಮೂರು ಸಲ ಮುಟ್ಟಿಕೊಳ್ಳುವ ಹೊತ್ತಿಗೆ ಬಸ್ಸು ಇನ್ನೊಂದು ಗುಡಿ ತಲುಪಿರುತ್ತದೆ.

ನಾನು ಕ್ಯಾಮೆರ ಕತ್ತಿಗೆ ಹಾಕಿಕೊಂಡೇ ತಿರುಗಿದೆ. ಮುಚ್ಚಳ ತೆಗೆದು ನೋಡುವುದು, ಮತ್ತೆ ಮುಚ್ಚುವುದು. ಉಂಗುರ ತಿರುಗಿಸದೆ ಇದ್ದುದರಿಂದ ಗುಡ್ಡದ ಮೇಲಿನ ಕೋಟೆ ನನಗೆ ಬೂದಿ ಬಣ್ಣದ ಕಲೆ. ನದಿ ಒಂದು ಹೊಳಪು. ಆದರೆ ಸರಿಯಾಗಿ ಆ ಅಡುಗೆಮನೆಯ ದೂರಕ್ಕೆ ಬಂದವರು ಇದ್ದಕ್ಕಿದ್ದ ಹಾಗೆ ಸ್ಪಷ್ಟವಾಗುತ್ತಿದ್ದರು. ಬಾವಿಯಂಥ ಒಲೆಯೊಳಗೆ ಅರ್ಧ ದೇಹ ಬಗ್ಗಿಸಿ, ದೋಣಿಯಾಕಾರದ ರೊಟ್ಟಿ ಅಂಟಿಸುತ್ತಿದ್ದ ಹೆಂಗಸಿನ ಒದ್ದೆ ಕುತ್ತಿಗೆ. ಮೇಣದಬತ್ತಿಯ ಹಾಗೆ ಜೋತುಬಿಟ್ಟ ದ್ರಾಕ್ಷಿರಸದ ಮಿಠಾಯಿಯ ಮೇಲೆ ಕೂತ ನೊಣ. ಒಂದು ಹೆಜ್ಜೆ ಮುಂದಾದರೆ ಅದೂ ಮಬ್ಬು. ಯಜಮಾನರು ನನ್ನನ್ನು ನೋಡುತ್ತಿದ್ದ ದೂರದಿಂದ ನಾನು ಆ ಊರನ್ನು ನೋಡಿದೆ.

"ದೊಡ್ಡಮ್ಮ, ಇಷ್ಟೊತ್ತು ನೋಡ್ತೀರ, ತೆಗ್ಯಲ್ವಲ್ಲ?" ದೀಪು ಕೇಳಿದಳು.

"ಇದು ಬೇರೇರ್ದು ಕಣವ್ವ. ನಿಮ್ ದೊಡ್ಡಪ್ಪ ಹೇಳಿದ್ರಲ್ಲ."

"ಇನ್ನೂ ಆ ಎಂ.ಎನ್.ಪಿ. ಕಥೇನಾ!" ಅಂದು ಅವಳು ತನ್ನ ಫೋನಿನಲ್ಲಿ ತೆಗೆದಳು. ಲೆನ್ಸಿನ ಮುಖವನ್ನು ಅವಳೂ ಕೇಳಿ ನೋಡಲಿಲ್ಲ, ನಾನೂ ತೋರಿಸಲಿಲ್ಲ. ಸಣ್ಣ ಮೂರು ಅಕ್ಷರ, ಅದರಲ್ಲಿ ನೋಡುವುದೇನಿದೆ?

ಒಣ ಸೇತುವೆ

ಪದವಿಯ ಹಿಂದಿನ ದಿನ ದೀಪು ನನ್ನನ್ನು ಒಣ ಸೇತುವೆ ಎಂಬಲ್ಲಿಗೆ ಕರೆದೊಯ್ದಳು. ಕೆಳಗೆ ನೀರಿಲ್ಲದ ಸೇತುವೆ. ಅದರ ಮೇಲೂ ಪಕ್ಕದ ತೋಟದಲ್ಲೂ ಜನ ಹಳೇ ಸಾಮಾನು ಹರಡಿಕೊಂಡು ಕೂರುತ್ತಾರೆ. ಚಹಾದ ಲೋಟ, ಪದಕ, ಗಡಿಯಾರ, ಯಾರದೋ ಮದುವೆಯ ಫೋಟೊ. ಖಲೀಲ್ ಸಾಬರ ಗುಜರಿಯನ್ನು ಗುಡಿಸಿ ಒರೆಸಿ ರತ್ನಗಂಬಳಿಯ ಮೇಲಿಟ್ಟ ಹಾಗಿತ್ತು. ನಮ್ಮಲ್ಲಿ ಗುಜರಿಗೆ ಹಾಕಿದ ಮೇಲೆ ಯಾರೂ ಹಿಂದಿರುಗಿ ನೋಡುವುದಿಲ್ಲ. ಇಲ್ಲಿ ಮಾರುವವರು ಪ್ರತಿ ಲೋಟವನ್ನೂ ಒರೆಸುತ್ತ ಅದರ ಕಥೆ ಹೇಳುತ್ತಾರೆ. ಕೊಳ್ಳದಿದ್ದರೂ ಕೇಳಿಸಿಕೊಂಡು ಹೋಗಬೇಕು.

ಒಬ್ಬ ಮುದುಕ ಕಾರಿನ ಮುಂಭಾಗದ ಮೇಲೆ ಬಟ್ಟೆ ಹಾಸಿ ಬರೀ ಕ್ಯಾಮೆರ, ಲೆನ್ಸುಗಳನ್ನಿಟ್ಟಿದ್ದ. ನಾನು ಬಗ್ಗಿ ನೋಡಿದೆ. ಮೊದಲ ಲೆನ್ಸಿನ ಮೇಲೆ ಎಂ, ತಿರುಗುಮುರುಗಾದ ಎನ್, ಪಿ. ಇನ್ನೂ ಬಗ್ಗಿದೆ. ಪಕ್ಕದ್ದರ ಮೇಲೂ ಅದೇ. ಅದರ ಆಚೆಯದರ ಮೇಲೂ ಅದೇ.

ಆ ಕ್ಷಣ ನನಗೆ ಏನನ್ನಿಸಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಆ ಎಂ.ಎನ್.ಪಿ. ಪುಣ್ಯಾತ್ಮ ಮಂಡ್ಯದ ಕಡೆಯಿಂದ ಇಷ್ಟು ದೂರ ಬಂದು, ತನ್ನ ಹೆಸರು ಕೊರೆಸಿದ ಸಾಮಾನನ್ನೆಲ್ಲ ಇಲ್ಲಿ ಮಾರಿ ಹೋಗಿದ್ದಾನೆ ಎಂದುಕೊಂಡೆ. ಕೊನೆಗೂ ಸಿಕ್ಕ, ಇವರು ಇದ್ದಿದ್ದರೆ ಎಂದುಕೊಂಡೆ.

"ದೀಪು, ಕೇಳವ್ವ ಆ ತಾತನ್ನ. ಇವೆಲ್ಲ ಯಾರ್ದು ಅಂತ. ಎಂ.ಎನ್.ಪಿ. ಎಲ್ಲವ್ರೆ ಅಂತ ಕೇಳು."

ದೀಪು ಬಗ್ಗಿ ನೋಡಿದಳು. ಮತ್ತೆ ನೋಡಿದಳು. ನನ್ನ ಕತ್ತಿನಲ್ಲಿದ್ದ ಕ್ಯಾಮೆರದ ಮುಚ್ಚಳ ತೆಗೆದು ಅದರ ಮುಖ ನೋಡಿದಳು.

"ದೊಡ್ಡಮ್ಮ, ಇದು ಇಂಗ್ಲಿಷಲ್ಲ."

"ಮತ್ತೇನು?"

"ರಷ್ಯನ್ ಅಕ್ಷರ. ಇಲ್ಲಿ ವಯಸ್ಸಾದ ಪೇಷೆಂಟ್ಗಳ ಚೀಟೀಲಿ ನೋಡಿ ನೋಡಿ ನಂಗೂ ಬರುತ್ತೆ. ಇದು ಎನ್ ಅಲ್ಲ, ಇ. ಇದು ಪಿ ಅಲ್ಲ, ರ್. ಮಿರ್."

ಮುದುಕ ತಲೆಯಾಡಿಸಿ, "ಮಿರ್, ಮಿರ್" ಅಂದ. ಇನ್ನೂ ಏನೇನೋ ಹೇಳಿದ. ದೀಪು ಕೇಳಿಕೊಂಡು ನನಗೆ ಹೇಳಿದಳು. "ಆ ಕಾಲ್ದಲ್ಲಿ ಫ್ಯಾಕ್ಟ್ರಿಯೋರು ಲೆನ್ಸಿಗಿಟ್ಟ ಹೆಸ್ರಂತೆ. ಬಸ್ಸಿನ್ ಮೇಲೆ, ಟ್ರಾಕ್ಟರ್ ಮೇಲೆ ಕಂಪನಿ ಹೆಸ್ರು ಇರಲ್ವಾ, ಅಂಗೆ. ಮಿರ್ ಅಂದ್ರೆ ಶಾಂತಿ ಅಂತೆ. ಲೋಕ ಅಂತಾನೂ ಅರ್ಥ ಬರುತ್ತಂತೆ."

"ಯಾರೋ ಮನುಷ್ಯಂದಲ್ವಾ?"

"ಅಲ್ಲ ದೊಡ್ಡಮ್ಮ. ಯಾರ್ದೂ ಅಲ್ಲ."

ಶಾಂತಿಯೋ ಲೋಕವೋ, ನನಗೆ ಎರಡೂ ಬೇಕಿರಲಿಲ್ಲ. ಯಾರದೂ ಅಲ್ಲ ಎಂಬುದೊಂದೇ ಕಿವಿಯಲ್ಲಿ ಉಳಿಯಿತು. ನಾನು ಹಾಗೇ ನಿಂತಿರುವಾಗ ಮುದುಕ ನನ್ನ ಕ್ಯಾಮೆರವನ್ನು ಕೈಗೆತ್ತಿಕೊಂಡ. ಹಳೇ ಗೆಳೆಯನ ಬೆನ್ನು ತಟ್ಟುವ ಹಾಗೆ ಲೆನ್ಸಿನ ಉಂಗುರವನ್ನು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ತಿರುಗಿಸಿ, ಸರಾಗವಾಗಿದೆ ಎಂದು ಹೆಬ್ಬೆರಳೆತ್ತಿ ತೋರಿಸಿದ.

ನನ್ನ ಬಾಯಿಂದ "ಅಯ್ಯೋ" ಬರುವಷ್ಟರಲ್ಲಿ ಮುಗಿದಿತ್ತು.

"ಏನಾಯ್ತು ದೊಡ್ಡಮ್ಮ?"

"ಏನಿಲ್ಲ."

ಅವನದೇನು ತಪ್ಪು? ಲೆನ್ಸು ಕೈಗೆ ಬಂದರೆ ಯಾರಾದರೂ ಮಾಡುವುದು ಅದನ್ನೇ. ಮಾರುತ್ತೀರಾ ಎಂದು ಕೇಳಿದ. ನಾನು ಇಲ್ಲವೆಂದು ತಲೆಯಾಡಿಸಿದೆ. ಹೋಗಲಿ, ಎಲ್ಲಿ ಸಿಕ್ಕಿತು ಎಂದು ಕೇಳಿದ. ದೀಪು ಹೇಳಿದಳು. ಬಾಬುರಾಯನಕೊಪ್ಪಲು ಎಂಬ ಹೆಸರನ್ನು ಅವನು ಎರಡು ಸಲ ಹೇಳಲು ನೋಡಿ, ಆಗದೆ, ದೊಡ್ಡದಾಗಿ ನಕ್ಕ. ನಮಗೆ ಒಂದೊಂದು ಸೇಬು ಕೊಟ್ಟ.

ಸೇತುವೆಯ ಮೇಲೆ ನಡೆಯುವಾಗ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ದೀಪು ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡುತ್ತಿದ್ದಳು. ಇವರು ಅವಳಿಗೆ ಹೊಲ ತೋರಿಸಿದ್ದಾರೆ, ಪಕ್ಕದ ಮನೆಯ ಹೊಸ ಕರು ತೋರಿಸಿದ್ದಾರೆ, ನನ್ನ ಮೊಣಕಾಲಿನ ಊತ ತೋರಿಸಿ ಔಷಧಿ ಕೇಳಿದ್ದಾರೆ. ಒಂದೇ ಒಂದು ಸಲ ಆ ಲೆನ್ಸಿನ ಮುಖವನ್ನು ಫೋನಿಗೆ ಹಿಡಿದಿದ್ದರೆ ಸಾಕಿತ್ತು. ಆಮೇಲೆ ಸಿಟ್ಟು ಇಳಿಯಿತು. ಊರೂರು ತಿರುಗಿ ಹುಡುಕಿದರೂ ಅವರು ಹುಡುಕಿದ್ದು ಒಬ್ಬ ಮನುಷ್ಯನನ್ನು. ಅಕ್ಷರ ಓದಿಯಾಯಿತು ಎಂದುಕೊಂಡಿದ್ದರು.

"ಈಗ ತೆಗೀಬೋದಲ್ವಾ ದೊಡ್ಡಮ್ಮ? ನಿಮ್ದೇ ಅದು" ಅಂದಳು ದೀಪು.

"ನಾಳೆ. ಮೊದ್ಲು ನಿನ್ನೇ ತೆಗೀತೀನಿ."

ಪದವಿಯ ದಿನ

ಬೆಳಿಗ್ಗೆಯಿಂದ ಉಂಗುರ ತಿರುಗಿಸುವುದನ್ನು ಅಭ್ಯಾಸ ಮಾಡಿದೆ. ಎದುರುಮನೆಯ ಕಿಟಕಿ, ದ್ರಾಕ್ಷಿ ಎಲೆ, ಗುಡ್ಡ. ಆ ಊರಿಗೆ ಬಂದು ಇಷ್ಟು ದಿನಕ್ಕೆ ಕೋಟೆಯ ಕಲ್ಲುಗಳು ಈಗ ಕಂಡವು. ಚೆನ್ನಾಗಿತ್ತು. ಹಳೆಯ ದೂರಕ್ಕೆ ಉಂಗುರ ತರಲು ಒಂದೆರಡು ಸಲ ನೋಡಿದೆ. ಅಂದಾಜು 'ಇಲ್ಲೇ' ಅನ್ನುವ ಕಡೆಗೆ ಬರುತ್ತಿತ್ತು. ಆದರೆ ಅದು ನನ್ನ ಬೆರಳಿನ ಅಂದಾಜು.

ದೊಡ್ಡ ಸಭಾಂಗಣ. ಮಕ್ಕಳೆಲ್ಲ ಕಪ್ಪು ನಿಲುವಂಗಿ ತೊಟ್ಟಿದ್ದರು. ಅರ್ಧಕ್ಕೆ ಅರ್ಧ ನಮ್ಮ ದೇಶದವರು. ನನ್ನ ಪಕ್ಕ ದಾವಣಗೆರೆಯ ದಂಪತಿ ಕೂತಿದ್ದರು. ಆಕೆ ಮಗ ಕಾಣುವ ಮುಂಚೆಯೇ ಅಳಲು ಶುರು ಮಾಡಿ, ಗಂಡನಿಂದ "ಇನ್ನೂ ಕರೆದಿಲ್ಲ ಸುಮ್ನಿರೇ" ಎಂದು ಬೈಸಿಕೊಂಡರು. ವೇದಿಕೆಯ ಮೇಲಿನವರಿಗೆ ನಮ್ಮ ಹೆಸರುಗಳು ಕಲ್ಲುಸಕ್ಕರೆ. ಬಾಯಲ್ಲಿ ಹೊರಳಿಸಿ ಹೊರಳಿಸಿ ಕೂಗುತ್ತಿದ್ದರು.

"ದೀಪಿಕಾ... ನಿಂಗೇ... ಗೋವ್ಡಾ."

ನಾನು ಎದ್ದು ನಿಂತೆ. ಉಂಗುರ ತಿರುಗಿಸಿದೆ. ಮಬ್ಬಿನೊಳಗಿಂದ ಅವಳು ಬಂದಳು. ಮೊದಲು ಅಂಗಿಯ ಅಂಚು, ಆಮೇಲೆ ಜಡೆ, ಆಮೇಲೆ ನಗು. ಉಸಿರು ಹಿಡಿದು ಒತ್ತಿದೆ.

ಸದ್ದು ಬರಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಮೂಡಿತು. ಮತ್ತೆ ಒತ್ತಿದೆ. ಮತ್ತದೇ. ಎಸ್ಸೆಸ್ಸೆಲ್ಸಿಯವರೆಗಿನ ನನ್ನ ಇಂಗ್ಲಿಷಿಗೆ ಅಷ್ಟು ಅರ್ಥವಾಯಿತು. ಲೆನ್ಸ್ ಹಾಕಿಲ್ಲ ಎನ್ನುತ್ತಿತ್ತು ಕ್ಯಾಮೆರ. ಇಷ್ಟು ಹೊತ್ತು ಆ ಲೆನ್ಸಿನಿಂದಲೇ ಅವಳನ್ನು ತೋರಿಸಿ, ಈಗ ಲೆನ್ಸ್ ಇಲ್ಲ ಎನ್ನುತ್ತಿತ್ತು. ತಲೆಯೆತ್ತುವಷ್ಟರಲ್ಲಿ ದೀಪು ವೇದಿಕೆಯಿಂದ ಇಳಿದಾಗಿತ್ತು. ದಾವಣಗೆರೆಯ ಯಜಮಾನರು, "ಬಂತೇನ್ರೀ ಫೋಟೊ?" ಅಂದರು. ಹೂಂ ಅಂದುಬಿಟ್ಟೆ.

ಹೊರಗೆ ಮರದ ಕೆಳಗೆ ದೀಪು ಬಂದಳು. ಹೇಳಿದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಫೋನಿನಲ್ಲಿ ಹುಡುಕಿ ಓದಿ, ಕ್ಯಾಮೆರದ ಮೆನುವಿನಲ್ಲಿ ಎಲ್ಲೆಲ್ಲೋ ಹೋಗಿ ಒಂದು ಸಾಲಿನ ಮೇಲೆ ನಿಂತಳು.

"ಹಳೇ ಲೆನ್ಸ್ ಬಂದಿದ್ದು ಕ್ಯಾಮೆರಾಗೆ ಗೊತ್ತಾಗಲ್ವಂತೆ ದೊಡ್ಡಮ್ಮ. ಕರೆಂಟಿಂದು ಏನೂ ಇರಲ್ವಲ್ಲ ಅದ್ರಲ್ಲಿ. ನೋಡಕ್ಕೆ ಬಿಡುತ್ತೆ, ತೆಗ್ಯಕ್ಕೆ ಬಿಡಲ್ಲ. ಲೆನ್ಸ್ ಇಲ್ದಿದ್ರೂ ತೆಗಿ ಅಂತ ಇಲ್ಲೊಂದು ಆನ್ ಮಾಡ್ಬೇಕು. ಇದು ಆಫ್ ಇದೆ."

"ಆಫ್ ಇದ್ರೆ ಈ ಲೆನ್ಸಲ್ಲಿ ಒಂದೂ ಬರಲ್ವಾ?"

"ಒಂದೂ ಬರಲ್ಲ."

"ನಿಮ್ ದೊಡ್ಡಪ್ಪ ಯಾವತ್ತಾರ ಆನ್ ಮಾಡಿ, ಆಮೇಲೆ ಆಫ್ ಮಾಡಿರ್ಬೋದು. ಅಲ್ವಾ?"

ದೀಪು ನನ್ನ ಮುಖ ನೋಡಿದಳು. ಕಾಯಿಲೆಯವರ ಕಡೆಯವರಿಗೆ ಹೇಗೆ ಹೇಳಬೇಕೆಂದು ಅವಳಿಗೆ ಅಲ್ಲಿ ಕಲಿಸಿರಬೇಕು.

"ಯಾರೂ ಆಫ್ ಮಾಡಲ್ಲ ದೊಡ್ಡಮ್ಮ. ಆನ್ ಇದ್ರೆ ಬೇರೆ ಲೆನ್ಸಿಗೇನೂ ತೊಂದ್ರೆ ಇಲ್ಲ. ಒಂದ್ಸಲ ಮಾಡಿದ್ರೆ ಅಂಗೇ ಇರುತ್ತೆ."

ಅಷ್ಟು ವರ್ಷ ಸಂಜೆ ಬಾಗಿಲಲ್ಲಿ ನಿಂತು ನೋಡಿದವರು ಒಂದು ಸಲವೂ ಒತ್ತಿರಲಿಲ್ಲ. ಒತ್ತಿದ್ದರೆ ಕ್ಯಾಮೆರ ಅವರಿಗೂ ಇದನ್ನೇ ಹೇಳುತ್ತಿತ್ತು, ಅವರೂ ಇದನ್ನು ಹುಡುಕಿ ಸರಿಮಾಡಿಕೊಳ್ಳುತ್ತಿದ್ದರು. ಅವರು ತಮ್ಮ ಮಾತಿಗೆ ತಪ್ಪಿರಲಿಲ್ಲ. ತಪ್ಪಿರಲಿ ಎಂದು ನಾನು ಅಷ್ಟು ದಿನ ಬೇಡಿಕೊಂಡಿದ್ದೆ.

"ಆನ್ ಮಾಡ್ಲಾ?" ದೀಪು ಕೇಳಿದಳು.

"ಮಾಡವ್ವ."

ಮಾಡಿ, ಕ್ಯಾಮೆರ ನನ್ನ ಕೈಗೆ ಕೊಟ್ಟು, ಮರದ ಬುಡಕ್ಕೆ ಹೋಗಿ ನಿಂತಳು. ಟೋಪಿ ಸರಿಮಾಡಿಕೊಂಡಳು. ಸುತ್ತ ಯಾರ್ಯಾರೋ ಹೂಗುಚ್ಛ ಹಿಡಿದು ಕೂಗಾಡುತ್ತಿದ್ದರು. ನಾನು ಉಂಗುರ ತಿರುಗಿಸಿದೆ. ಅವಳ ಹುಬ್ಬು, ಮೂಗಿನ ಮೇಲಿನ ಬೆವರು, ಕಾಲರಿನ ದಾರ ಎಲ್ಲ ತಾವಾಗಿ ಎದ್ದು ಬಂದವು. ಒತ್ತಿದೆ. ಸಣ್ಣ ಸದ್ದಾಯಿತು.

ದೀಪು ಓಡಿ ಬಂದು ಪರದೆಗೆ ಬಗ್ಗಿದಳು.

"ಅಯ್ಯೋ, ಕಣ್ ಮುಚ್ಬುಟ್ಟಿದ್ದೀನಿ. ಇನ್ನೊಂದ್ ತೆಗೀರಿ ದೊಡ್ಡಮ್ಮ."

ಇನ್ನೊಂದು ತೆಗೆದೆ. ಆ ಗುಂಡಿ ಅಷ್ಟು ಹಗುರವಾಗಿರುತ್ತದೆಂದು ನಾನು ಎಣಿಸಿರಲಿಲ್ಲ.